ಮೊದಲು ನೀರು, ಆಮೇಲೆ ಬಲೆ, ಕೊನೆಗೆ ದೋಣಿ

ಮೀನುಗಾರಿಕೆಗೆ ದೋಣಿ ಕೊಳ್ಳಬೇಕೆಂದವರು ಬೆಲೆ ವಿಚಾರಿಸುವ ಮೊದಲು ಹಾಕಬೇಕಾದ ಲೆಕ್ಕಗಳೇ ಬೇರೆ. ಮಲ್ಕಾಜ್‌ಗಿರಿಯ ಕೆರೆಯಿಂದ ಮಲ್ಪೆಯ ದಕ್ಕೆಯವರೆಗೆ ಒಂದು ಸುತ್ತು.

ಮೃಗಶಿರ ಕಾರ್ತಿ ಕಾಲಿಡುವ ದಿನ, ಅಂದರೆ ಜೂನ್ 8ರ ಆಸುಪಾಸು, ಹೈದರಾಬಾದಿಗೆ ಮೀನಿನ ಹುಚ್ಚು ಹಿಡಿಯುತ್ತದೆ. ಆ ದಿನ ಮೀನು ತಿಂದರೆ ಮಳೆಗಾಲದ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆ ಇಲ್ಲಿನದು. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಕುಟುಂಬದವರು ಕೊಡುವ ಮೀನಿನ ಪ್ರಸಾದಕ್ಕೆ ಅಸ್ತಮಾ ಇರುವವರು ಸಾಲುಗಟ್ಟುತ್ತಾರೆ. ಮುಷೀರಾಬಾದ್, ರಾಮ್‌ನಗರದ ಮೀನು ಮಾರುಕಟ್ಟೆಯಲ್ಲಿ ಬೆಳಗಿನ ಜಾವಕ್ಕೇ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ತುಸು ದೂರದ ಮಲ್ಕಾಜ್‌ಗಿರಿಯಲ್ಲೂ ಅಂದು ಕೊರಮೀನು, ರೋಹು, ಕಾಟ್ಲಾದ್ದೇ ಮಾತು.

ಇಷ್ಟೊಂದು ಬೇಡಿಕೆ ಇರುವ ದಿನ ಸಮುದ್ರದ ಬೋಟುಗಳೆಲ್ಲ ಎಲ್ಲಿರುತ್ತವೆ? ದಡದಲ್ಲಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಎರಡು ನಿಷೇಧಗಳೂ ಒಂದರ ಮೇಲೊಂದು ಬೀಳುವ ಆ ಎರಡು ವಾರಗಳ ಒಳಗೇ ಮೃಗಶಿರ ಬಂದುಹೋಗುತ್ತದೆ. ಕೋಟಿ ರೂಪಾಯಿಯ ಬೋಟುಗಳು ಹಗ್ಗ ಬಿಗಿಸಿಕೊಂಡು ನಿಂತಿರುವಾಗ ಊರಿಗೆ ಮೀನು ಹೊಂದಿಸಿಕೊಡುವುದು ಒಳನಾಡಿನ ಕೆರೆ, ಕೊಳ, ಜಲಾಶಯಗಳು. ತೆಲಂಗಾಣದ ಕೆರೆಗಳಲ್ಲಿ ಆ ಕೆಲಸಕ್ಕೆ ಇಳಿಯುವ ವಾಹನವೋ, ನಾಲ್ಕು ಥರ್ಮೊಕೋಲ್ ದಿಮ್ಮಿಗಳ ಒಂದು ತೆಪ್ಪ.

ದೋಣಿ ಕೊಳ್ಳಬೇಕೆಂದಿರುವವರು ಮೊದಲು ಮನಸ್ಸಿಗೆ ತೆಗೆದುಕೊಳ್ಳಬೇಕಾದ ಸಂಗತಿ ಇದೇ. ಒಳ್ಳೆಯ ದೋಣಿ, ಕೆಟ್ಟ ದೋಣಿ ಎಂಬುದಿಲ್ಲ. ಈ ನೀರಿಗೆ ಒಗ್ಗುವ ದೋಣಿ, ಒಗ್ಗದ ದೋಣಿ ಎಂಬುದಿದೆ. ಯಾವ ನೀರಿನಲ್ಲಿ ಯಾವ ಮೀನಿಗೆ ಯಾವ ಬಲೆ ಎಂಬುದು ತೀರ್ಮಾನವಾದರೆ ದೋಣಿಯ ಆಯ್ಕೆ ಮುಕ್ಕಾಲು ಪಾಲು ತಾನಾಗಿಯೇ ಮುಗಿದಿರುತ್ತದೆ. ಉಳಿದ ಕಾಲು ಪಾಲು ಹಣದ ಪ್ರಶ್ನೆ. ಅಲ್ಲೂ ಕೇಳಬೇಕಾದ್ದು ‘ಬೆಲೆ ಎಷ್ಟು’ ಎಂದಲ್ಲ, ‘ಮೀನೇ ಸಿಗದ ಎಷ್ಟು ದಿನಗಳನ್ನು ನಾನು ತಾಳಿಕೊಳ್ಳಬಲ್ಲೆ’ ಎಂದು.

ಕೆರೆಗೆ ತೆಪ್ಪವೇ ಸಾಕು

ಮಲ್ಕಾಜ್‌ಗಿರಿಯ ಸುತ್ತ ಸಫಿಲ್‌ಗುಡ ಕೆರೆ, ಬಂಡ ಚೆರುವು, ನೇರೇಡ್‌ಮೆಟ್ ಕಡೆಯ ರಾಮಕೃಷ್ಣಾಪುರಂ ಕೆರೆಗಳಿವೆ. 2016ರಲ್ಲಿ ರಚನೆಯಾದ ಮೇಡ್ಚಲ್–ಮಲ್ಕಾಜ್‌ಗಿರಿ ಜಿಲ್ಲೆಯ ಉತ್ತರಕ್ಕೆ ಹೋದರೆ ಶಾಮೀರ್‌ಪೇಟೆಯ ದೊಡ್ಡ ಕೆರೆ ಸಿಗುತ್ತದೆ. ನಗರದೊಳಗಿನ ಕೆರೆಗಳ ಗುಣ ಹೆಚ್ಚುಕಡಿಮೆ ಒಂದೇ: ಆಳ ಕಡಿಮೆ, ಮೋರಿಯ ನೀರಿನ ಕಾಟ, ಅಂತರಗಂಗೆಯ ಹಾವಳಿ. ಇಂಥಲ್ಲಿ ಮೋಟಾರು ಕಟ್ಟಿದ ದೋಣಿ ತಂದರೆ ಫ್ಯಾನಿಗೆ ಅಂತರಗಂಗೆಯ ಬೇರು ಸುತ್ತಿಕೊಂಡು ಗಳಿಗೆಗೊಮ್ಮೆ ನಿಲ್ಲುತ್ತದೆ. ತಳದ ನಡುತೊಲೆಯಾದ ಕೀಲು ಇಳಿಬಿಟ್ಟ ದೋಣಿ ತಂದರೆ ಹೂಳಿಗೆ ಕಚ್ಚಿಕೊಳ್ಳುತ್ತದೆ.

ಅದಕ್ಕೇ ತೆಪ್ಪ. ದಪ್ಪನೆಯ ಥರ್ಮೊಕೋಲ್ ದಿಮ್ಮಿಗಳನ್ನು ಪಕ್ಕಪಕ್ಕ ಇಟ್ಟು, ಮೇಲೂ ಕೆಳಗೂ ಬಿದಿರಿನ ದಬ್ಬೆ ಕೊಟ್ಟು, ನೈಲಾನ್ ಹಗ್ಗದಿಂದ ಬಿಗಿದು, ಗೊಬ್ಬರದ ಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊಲಿದು ಹೊದಿಸುತ್ತಾರೆ. ಮೀನುಗಾರ ಅದರ ಮೇಲೆ ಕಾಲು ಮಡಚಿ ಕೂತು, ಎರಡೂ ಕೈಗೆ ಅಂಗೈಯಗಲದ ಹಲಗೆ ಹಿಡಿದು ನೀರು ತಳ್ಳುತ್ತಾನೆ. ಮುಂದೆ ಬಲೆಯ ರಾಶಿ, ಹಿಂದೆ ಮೀನಿನ ಚೀಲ. ಬಲೆ ಬಿಡುವಾಗ ಹಲಗೆಯನ್ನು ತೊಡೆಯ ಕೆಳಗೆ ಸಿಕ್ಕಿಸಿ, ಒಂದು ಕೈಯಲ್ಲಿ ಬೆಂಡು, ಇನ್ನೊಂದರಲ್ಲಿ ಭಾರದ ಅಂಚು ಬಿಡಿಸುತ್ತ ಹೋಗುತ್ತಾನೆ. ತೆಪ್ಪ ಮುಳುಗುವುದಿಲ್ಲ. ಸಂಜೆ ಒಬ್ಬನೇ ಹೊತ್ತು ಗೋಡೆಗೆ ಒರಗಿಸಿ ಮನೆಗೆ ಹೋಗಬಹುದು. ಕದ್ದೊಯ್ದರೂ ದೊಡ್ಡ ನಷ್ಟವಿಲ್ಲ.

ದೋಷಗಳೂ ಇವೆ. ಅಂಚಿಲ್ಲದ ತೆಪ್ಪದಿಂದ ಜಾರಿ ಬೀಳುವುದು ಸುಲಭ, ಗಾಳಿ ಎದ್ದರೆ ತೆಪ್ಪ ಹೇಳಿದ ಮಾತು ಕೇಳುವುದಿಲ್ಲ. ಹೊದಿಕೆ ಹರಿದರೆ ಥರ್ಮೊಕೋಲ್ ಪುಡಿಪುಡಿಯಾಗಿ ಕೆರೆ ಸೇರಿ ಮೀನಿನ ಹೊಟ್ಟೆಯನ್ನೂ ಸೇರುತ್ತದೆ. ಹೊದಿಕೆಯನ್ನು ವರ್ಷಕ್ಕೊಮ್ಮೆ ಬದಲಿಸುವುದು, ಈಜು ಬಂದರೂ ಲೈಫ್ ಜಾಕೆಟ್ ತೊಡುವುದು, ಇವೆರಡು ಖರ್ಚನ್ನು ತೆಪ್ಪದ ಬೆಲೆಗೇ ಸೇರಿಸಿಕೊಳ್ಳಬೇಕು.

ಕೆರೆಯಲ್ಲಿ ದೋಣಿಗಿಂತ ದೊಡ್ಡ ಪ್ರಶ್ನೆ ಹಕ್ಕಿನದು. ತೆಲಂಗಾಣದಲ್ಲಿ ಕೆರೆಯ ಮೀನು ಮೀನುಗಾರರ ಸಹಕಾರ ಸಂಘಕ್ಕೆ ಸೇರಿದ್ದು. ಮುದಿರಾಜ್, ಗಂಗಪುತ್ರ ಸಮುದಾಯಗಳ ಸಂಘಗಳೇ ಹೆಚ್ಚು. ಸದಸ್ಯತ್ವ, ಲೈಸೆನ್ಸ್ ಇಲ್ಲದವರು ಎಷ್ಟು ಚೆಂದದ ದೋಣಿ ಕೊಂಡರೂ ಬಲೆ ಬಿಡುವ ಹಾಗಿಲ್ಲ. ಕರ್ನಾಟಕದಲ್ಲಿ ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ, ಸಣ್ಣವು ಗ್ರಾಮ ಪಂಚಾಯಿತಿಯ ಸುಪರ್ದಿನಲ್ಲಿದ್ದು ಗುತ್ತಿಗೆಗೆ ಹೋಗುತ್ತವೆ. ಗುತ್ತಿಗೆ ಯಾರ ಹೆಸರಿನಲ್ಲಿದೆ, ಎಷ್ಟು ವರ್ಷ ಉಳಿದಿದೆ ಎಂದು ವಿಚಾರಿಸದೆ ದೋಣಿಗೆ ಮುಂಗಡ ಕೊಡುವುದು ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ.

ತೆಲಂಗಾಣ ಸರ್ಕಾರ 2016ರಿಂದ ಕೆರೆಗಳಿಗೆ ಉಚಿತವಾಗಿ ಮೀನುಮರಿ ಬಿಡಿಸತೊಡಗಿತು. 2018ರ ಸಮಗ್ರ ಮೀನುಗಾರಿಕೆ ಅಭಿವೃದ್ಧಿ ಯೋಜನೆಯಲ್ಲಿ ಮೀನುಗಾರರಿಗೆ ಶೇ 75ರ ಸಹಾಯಧನದಲ್ಲಿ ಕೊಟ್ಟ ವಸ್ತುಗಳ ಪೈಕಿ ಹೆಚ್ಚು ಕಣ್ಣಿಗೆ ಬಿದ್ದದ್ದು ದೋಣಿಯಲ್ಲ, ಮೀನು ಮಾರಲು ಹೋಗುವ ಮೊಪೆಡ್. ಇದರಲ್ಲಿ ಒಂದು ವ್ಯವಹಾರ ಜ್ಞಾನವಿದೆ. ಕೆರೆಯ ಮೀನುಗಾರನಿಗೆ ಮೀನು ಹಿಡಿಯುವುದು ಕಷ್ಟವಲ್ಲ, ಕೆಡುವ ಮೊದಲು ಒಳ್ಳೆಯ ದರಕ್ಕೆ ಮಾರುವುದು ಕಷ್ಟ. ದಡದಲ್ಲೇ ದಲ್ಲಾಳಿಗೆ ಸುರಿದು ಬರುವುದಕ್ಕೂ ಐಸ್ ಪೆಟ್ಟಿಗೆಯಲ್ಲಿಟ್ಟು ಊರೊಳಗೆ ತಂದು ಮಾರುವುದಕ್ಕೂ ಕೈಗೆ ಸಿಗುವ ಹಣದಲ್ಲಿ ಬಹಳ ಅಂತರವಿದೆ. ಆದ್ದರಿಂದ ಮಲ್ಕಾಜ್‌ಗಿರಿಯಂಥ ಊರಿನಲ್ಲಿ ಕೆರೆಯ ಮೀನನ್ನೇ ನಂಬಿದವರ ಕೈಯಲ್ಲಿ ಹತ್ತಿಪ್ಪತ್ತು ಸಾವಿರ ಹೆಚ್ಚಿಗೆ ಇದ್ದರೆ, ಅದು ದೋಣಿಗೆ ಹೋಗುವುದಕ್ಕಿಂತ ಐಸ್ ಪೆಟ್ಟಿಗೆಗೆ ಹೋಗುವುದು ಲೇಸು.

ಜಲಾಶಯದಲ್ಲಿ ಗಾಳಿಯೇ ಯಜಮಾನ

ಬೀದರ್ ಜಿಲ್ಲೆಯಲ್ಲಿ ಹರಿದು ಬರುವ ಮಾಂಜ್ರಾ ನದಿ ತೆಲಂಗಾಣದ ಸಿಂಗೂರಿನಲ್ಲಿ ಜಲಾಶಯವಾಗಿ ನಿಂತಿದೆ. ದಕ್ಷಿಣಕ್ಕೆ ಕೃಷ್ಣೆಯ ಮೇಲೆ ನಾಗಾರ್ಜುನಸಾಗರ, ಹರವು ಸುಮಾರು 285 ಚದರ ಕಿ.ಮೀ. ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿ.ಮೀ. ಹರಡುತ್ತದೆ. ಇವುಗಳಲ್ಲಿ ಮಧ್ಯಾಹ್ನದ ಗಾಳಿಗೆ ಏಳುವ ಅಲೆ ಸಣ್ಣದಲ್ಲ. ಕೆರೆಯ ತೆಪ್ಪ ಇಲ್ಲಿಗೆ ಸಲ್ಲದು.

ಇಲ್ಲಿನ ಹಳೆಯ ಉತ್ತರ ಹರಿಗೋಲು, ತೆಲುಗರ ಪುಟ್ಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಆನೆಗೊಂದಿಗೆ ಜನ ದಾಟುತ್ತಿದ್ದ ದುಂಡನೆಯ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದಿಪ್ಪತ್ತು ಜನ ಹಿಡಿಯುತ್ತಿದ್ದರಂತೆ. ಐದು ನೂರು ವರ್ಷಗಳಲ್ಲಿ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಕದಲಿಲ್ಲ, ಕಾರಣವೂ ಸರಿಯಾಗಿಯೇ ಇದೆ. ಹರಿಗೋಲಿಗೆ ಕೀಲಿಲ್ಲ, ಆದ್ದರಿಂದ ಬಂಡೆಗಳ ನಡುವೆ ಗೇಣು ನೀರಿದ್ದರೂ ತೇಲುತ್ತದೆ. ತಳ ಅಗಲ, ಆದ್ದರಿಂದ ಒಂದೇ ಪಕ್ಕದಿಂದ ಬಲೆ ಎಳೆದರೂ ಸುಲಭಕ್ಕೆ ಮಗುಚುವುದಿಲ್ಲ. ಬಿದಿರಿನದ್ದಾದರೆ ಒಬ್ಬನೇ ತಲೆಯ ಮೇಲೆ ಹೊತ್ತು ನಡೆಯಬಹುದು.

ಈ ಕೊನೆಯ ಗುಣವನ್ನು ಹಗುರವಾಗಿ ಕಾಣಬಾರದು. ಜಲಾಶಯದ ದಡ ಒಂದು ಕಡೆ ನಿಲ್ಲುವಂಥದ್ದಲ್ಲ. ಅಕ್ಟೋಬರಿನಲ್ಲಿ ಊರ ಬಾಗಿಲಲ್ಲಿದ್ದ ನೀರು ಮೇ ತಿಂಗಳಿಗೆ ಕಿಲೋಮೀಟರುಗಟ್ಟಲೆ ಹಿಂದೆ ಸರಿದು ಕೆಸರು ಬಯಲು ಬಿಟ್ಟುಹೋಗಿರುತ್ತದೆ. ಫೈಬರ್ ದೋಣಿ ಗಟ್ಟಿ, ಬಾಳಿಕೆಯೂ ಹೆಚ್ಚು. ಆದರೆ ಆ ಕೆಸರಿನಲ್ಲಿ ಅದನ್ನು ಎಳೆಯಲು ನಾಲ್ಕು ಜನ ಬೇಕು. ಕರ್ನಾಟಕದಲ್ಲಿ ಇಲಾಖೆ ವಿತರಿಸುತ್ತ ಬಂದಿರುವ ಫೈಬರ್ ಗ್ಲಾಸ್ ಹರಿಗೋಲು ನಡುದಾರಿ: ಬಿದಿರಿನಷ್ಟು ಹಗುರವಲ್ಲ, ದೋಣಿಯಷ್ಟು ಭಾರವೂ ಅಲ್ಲ. ಹಾಳೆ ಹರಿಯುವ ಭಯವಿಲ್ಲ.

ದಿನವೂ ನಾಲ್ಕೈದು ಕಿ.ಮೀ. ಒಳಗೆ ಹೋಗಿ ಬರುವವರಿಗೆ, ಹೆಚ್ಚು ಬಲೆ ಬಿಡುವವರಿಗೆ ಹರಿಗೋಲು ಸಾಲದು. ಅಂಥವರಿಗೆ 16ರಿಂದ 20 ಅಡಿಯ ಫೈಬರ್ ದೋಣಿ, ಹುಟ್ಟಿನ ಜೊತೆಗೊಂದು ಸಣ್ಣ ಔಟ್‌ಬೋರ್ಡ್ ಎಂಜಿನ್ ಬೇಕಾಗುತ್ತದೆ. ಮುಳುಗಡೆಯಾದ ಮರಗಳ ಬೊಡ್ಡೆಗಳಿರುವ ಜಾಗದಲ್ಲಿ ಎಂಜಿನ್ನನ್ನು ತಟಕ್ಕನೆ ಮೇಲೆತ್ತಲು ಬರುವಂತಿರಬೇಕು.

ಹವ್ಯಾಸಕ್ಕೆ ಗಾಳ ಹಾಕುವ ನಗರದವರಿಗೆ ಇಲ್ಲೇ ಒಂದು ಮಾತು. ವರ್ಷಕ್ಕೆ ಹತ್ತು ರಜೆಯ ದಿನಗಳಿಗಾಗಿ ದೋಣಿ ಕೊಂಡು, ಅದನ್ನಿಡಲು ಜಾಗವಿಲ್ಲದೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಧೂಳು ತಿನ್ನಿಸುವುದಕ್ಕಿಂತ, ಅನುಮತಿ ಇರುವ ಕಡೆ ಸ್ಥಳೀಯರ ಹರಿಗೋಲನ್ನು ಅವರ ಸಮೇತ ಬಾಡಿಗೆಗೆ ಹಿಡಿಯುವುದು ಅಗ್ಗ. ಮೀನು ಎಲ್ಲಿದೆಯೆಂಬುದು ಗೊತ್ತಿರುವುದೂ ಅವರಿಗೇ.

ಕರಾವಳಿಯಲ್ಲಿ ಉದ್ದವೇ ಹಕ್ಕು

ಕರ್ನಾಟಕದ ಮೂರು ಕರಾವಳಿ ಜಿಲ್ಲೆಗಳಿಗೆ ಬಂದರೆ ದೋಣಿಗಳ ಜಾತಿಯೇ ಬೇರೆಯಾಗುತ್ತದೆ. ಹೊಳೆ, ಅಳಿವೆಗಳಲ್ಲಿ ಒಬ್ಬಿಬ್ಬರು ಕೂರುವ ಪಾತಿ ದೋಣಿ. ತೀರದ ಹತ್ತಿರ ಬೀಡುಬಲೆ ಬಿಡುವ, ಔಟ್‌ಬೋರ್ಡ್ ಕಟ್ಟಿದ ನಾಡದೋಣಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಸಣ್ಣ ಟ್ರಾಲ್ ಬೋಟು. ಎಂಟು ಹತ್ತು ದಿನ ಕಡಲಲ್ಲೇ ಉಳಿಯುವ ಆಳಸಮುದ್ರ ಬೋಟು. ಬಂಗುಡೆ, ಬೂತಾಯಿಯ ಹಿಂಡನ್ನೇ ಸುತ್ತುಗಟ್ಟುವ ಪರ್ಸೀನ್ ಬೋಟು. ಆಳಸಮುದ್ರ ಬೋಟಿಗೆ ಅದನ್ನು ನಡೆಸುವ ತಾಂಡೇಲನೂ ಸೇರಿ ಏಳೆಂಟು ಜನ ಸಾಕು. ಪರ್ಸೀನಿಗೆ 25–30 ಜನ ಬೇಕು.

ಇವುಗಳ ನಡುವಿನ ಆಯ್ಕೆ ರುಚಿಯ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ. ಅದರ ಹಿಂದೊಂದು ಕಹಿ ಚರಿತ್ರೆಯಿದೆ. ಎಪ್ಪತ್ತರ ದಶಕದ ನಡುವಿನವರೆಗೆ ಇಲ್ಲಿನ ಬಂಗುಡೆಯ ರಾಜ ರಂಪಣಿ. ಭಾರೀ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರ ಬಿಟ್ಟು, ಎರಡೂ ತುದಿಗೆ ಊರಿನ ಹತ್ತಾರು ಜನ ನಿಂತು ದಡಕ್ಕೆ ಎಳೆಯುತ್ತಿದ್ದರು. ಪಾಲು ಊರಿಗೆಲ್ಲ. ಆಗ ಬಂದ ಪರ್ಸೀನ್ ಬೋಟುಗಳು ಮೀನಿನ ಹಿಂಡು ದಡ ಮುಟ್ಟುವ ಮೊದಲೇ ಸುತ್ತುಗಟ್ಟಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಕಡಲ ತೀರದಲ್ಲಿ ಜಗಳ, ಹೊಡೆದಾಟಗಳಾದವು. ಮುಂದೆ 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂತು. ಅದರ ಚೌಕಟ್ಟಿನಲ್ಲಿ ತೀರದಿಂದ 6 ಕಿ.ಮೀ. ಒಳಗಿನ ನೀರು ಸಾಂಪ್ರದಾಯಿಕ ದೋಣಿಗಳಿಗೆ ಮೀಸಲು. ಯಾಂತ್ರೀಕೃತ ಬೋಟುಗಳು ಅದರ ಆಚೆ. 15 ಮೀಟರಿಗಿಂತ ಉದ್ದದವು 20 ಕಿ.ಮೀ.ಯ ಆಚೆ.

ಅಂದರೆ ಉದ್ದ ಹೆಚ್ಚಿದಷ್ಟೂ ಮೀನು ಹಿಡಿಯುವ ಜಾಗ ದೂರ ಹೋಗುತ್ತದೆ, ದೂರ ಹೆಚ್ಚಿದಷ್ಟೂ ಡೀಸೆಲ್. 14 ಮೀಟರಿನ ಬೋಟು ನೋಡಲು ಹೋದವರು ‘ಇನ್ನೆರಡು ಮೀಟರ್ ಇರಲಿ’ ಎಂದು ಮನಸ್ಸು ಬದಲಿಸಿದರೆ ಬದಲಾಗುವುದು ಬೋಟು ಮಾತ್ರವಲ್ಲ, ಮೀನು ಹಿಡಿಯುವ ಊರೇ ಬದಲಾಗುತ್ತದೆ.

ಎಂಜಿನ್ನಿನ ವಿಷಯದಲ್ಲೂ ಇಂಥದ್ದೇ ಒಂದು ಗೆರೆಯಿದೆ. ಮಳೆಗಾಲದ 61 ದಿನಗಳ ನಿಷೇಧ ಯಾಂತ್ರೀಕೃತ ಬೋಟುಗಳಿಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಅನ್ವಯಿಸುತ್ತದೆ. 9.9 ಅಶ್ವಶಕ್ತಿಯ ಎಂಜಿನ್ ಕಟ್ಟಿದ ನಾಡದೋಣಿ ಜೂನ್–ಜುಲೈಯಲ್ಲೂ ಕಡಲಿಗಿಳಿಯಬಹುದು. ಬೇರೆ ಬೋಟುಗಳಿಲ್ಲದ, ಮೀನಿನ ದರ ಏರಿರುವ ಆ ಹೊತ್ತಿನಲ್ಲಿ ಒಂದು ಬುಟ್ಟಿ ಸಿಗಡಿ ಸಿಕ್ಕರೂ ಅದರ ಬೆಲೆಯೇ ಬೇರೆ. ಸ್ವಲ್ಪ ವೇಗದ ಆಸೆಗೆ ದೊಡ್ಡ ಎಂಜಿನ್ ಕಟ್ಟಿಸಿಕೊಂಡವರು ಈ ಎರಡು ತಿಂಗಳನ್ನು ಕಳೆದುಕೊಳ್ಳುತ್ತಾರೆ. ಆದರೆ ಮಳೆಗಾಲದ ಅಳಿವೆ ಬಾಯಿ ದಾಟುವುದು ತಮಾಷೆಯಲ್ಲ. ಹೊಳೆಯ ಸೆಳೆತ, ಕಡಲ ಅಲೆ, ಕೆಳಗೆ ಮರಳಿನ ದಿಬ್ಬ, ಮೂರೂ ಕೂಡುವ ಜಾಗ ಅದು. ಕರಾವಳಿಯ ದೋಣಿ ದುರಂತಗಳಲ್ಲಿ ಅನೇಕವು ನಡುಗಡಲಲ್ಲಿ ಅಲ್ಲ, ಮನೆ ಕಾಣುವ ಈ ಅಳಿವೆಯಲ್ಲೇ ಆಗಿವೆ. ನಿಮ್ಮ ಊರಿನ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಎಷ್ಟು ನೀರಿರುತ್ತದೆ ಎಂಬುದು ದೋಣಿಯ ತಳ ಎಷ್ಟು ಆಳಕ್ಕಿರಬೇಕೆಂಬುದನ್ನು ಹೇಳುತ್ತದೆ. ಬಂದರಿನಲ್ಲಿ ಹೂಳು ತುಂಬಿದ್ದರೆ ಆಳ ತಳದ ಬೋಟು ಭರತಕ್ಕಾಗಿ ಹೊರಗೆ ಕಾಯುತ್ತ ನಿಲ್ಲಬೇಕು. ಅಷ್ಟರಲ್ಲಿ ದಕ್ಕೆಯಲ್ಲಿ ಹರಾಜು ಮುಗಿದಿರುತ್ತದೆ.

ವೇಗಕ್ಕೆ ತೆರುವ ಬೆಲೆ

ದೋಣಿಗೆ ತನ್ನದೇ ಆದ ಒಂದು ಸಹಜ ವೇಗವಿದೆ. ನೀರನ್ನು ಸೀಳಿಕೊಂಡು ಹೋಗುವ ದೋಣಿಯಲ್ಲಿ, ನೀರಿನ ಮಟ್ಟದಲ್ಲಿರುವ ಉದ್ದವನ್ನು ಅಡಿಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವುದು ಗಂಟೆಗೆ ಎಷ್ಟು ನಾಟಿಕಲ್ ಮೈಲು ಎಂಬ ಲೆಕ್ಕ. 25 ಅಡಿಯ ದೋಣಿಗೆ ಅದು 6.7, ಅಂದರೆ ಗಂಟೆಗೆ ಸುಮಾರು 12 ಕಿ.ಮೀ. ಅಲ್ಲಿಗೆ ಬರುವ ಹೊತ್ತಿಗೆ ದೋಣಿ ತಾನೇ ಎಬ್ಬಿಸಿದ ಅಲೆಯ ಇಳಿಜಾರಿನಲ್ಲಿ ಸಿಕ್ಕಿಕೊಂಡಿರುತ್ತದೆ. ಇನ್ನೂ ವೇಗ ಬೇಕೆಂದರೆ ಎಂಜಿನ್ ಆ ಅಲೆಯನ್ನೇ ಹತ್ತಬೇಕು, ಎಣ್ಣೆ ಸುರಿಯುತ್ತಲೇ ಇರಬೇಕು. ಹಗುರ ಫೈಬರ್ ದೋಣಿ ಖಾಲಿ ಇದ್ದಾಗ ನೀರಿನ ಮೇಲೆದ್ದು ಓಡೀತು. ಬಲೆ, ಮಂಜುಗಡ್ಡೆ, ಮೀನು ತುಂಬಿದ ಮೇಲೆ ಅದಕ್ಕೂ ಇದೇ ಮಿತಿ.

ಸ್ಥೂಲವಾಗಿ ಹೇಳುವುದಾದರೆ, ವೇಗ ಎರಡು ಪಟ್ಟಾದರೆ ಬೇಕಾಗುವ ಶಕ್ತಿ ಎಂಟು ಪಟ್ಟು. ವೇಗವನ್ನು ಶೇ 10ರಷ್ಟು ತಗ್ಗಿಸಿದರೆ ಅಷ್ಟೇ ದೂರಕ್ಕೆ ಸುಮಾರು ಶೇ 19ರಷ್ಟು ಇಂಧನ ಉಳಿಯುತ್ತದೆ, ತಡವಾಗುವುದು ಗಂಟೆಗೆ ಏಳು ನಿಮಿಷದಷ್ಟು ಮಾತ್ರ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 2016ರಲ್ಲಿ ಕಡಲಿಗಿಳಿಸಿದ ‘ಸಾಗರ್ ಹರಿತಾ’ ಎಂಬ 19.75 ಮೀಟರಿನ ಬೋಟಿನ ಉದ್ದೇಶವೂ ಇಂಧನ ಉಳಿಸುವುದೇ. ತಳದ ಆಕಾರ ತಿದ್ದಿ, ಮೇಲ್ಭಾಗವನ್ನು ಫೈಬರಿನಿಂದ ಹಗುರ ಮಾಡಿ, ದೀಪಕ್ಕೆ ಸೌರಫಲಕ ಹಾಕಿ ನೋಡಿದರು.

ಬಲೆಯ ಪಾತ್ರ ಎಂಜಿನ್ನಿಗಿಂತ ದೊಡ್ಡದು. ಬೀಡುಬಲೆ ಬಿಟ್ಟವರು ಎಂಜಿನ್ ಆರಿಸಿ ಕಾಯುತ್ತಾರೆ. ಟ್ರಾಲ್ ಎಳೆಯುವವರ ಎಂಜಿನ್ನು ತಳ ಕೆರೆಯುತ್ತ ಹಗಲಿರುಳು ಉರಿಯುತ್ತಿರಬೇಕು. ಹಣ ಕಡಿಮೆ ಇರುವವರಿಗೆ ಬೀಡುಬಲೆ, ಗಾಳದ ದೋಣಿಯೇ ಮೊದಲ ಮೆಟ್ಟಿಲಾಗಬೇಕಾದ್ದು ಇದಕ್ಕಾಗಿ. ಸೀಮೆಎಣ್ಣೆಯ ಎಂಜಿನ್ನಿನ ನಾಡದೋಣಿ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಇನ್ನೊಂದು ಸಂಗತಿ ಗಮನಿಸಬೇಕು. ರಿಯಾಯಿತಿ ಸೀಮೆಎಣ್ಣೆ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲವೆಂಬುದು ಕರಾವಳಿಯ ಹಳೆಯ ಗೋಳು. 2023ರ ರಾಜ್ಯ ಬಜೆಟ್ ಅಂಥ ಎಂಜಿನ್ನುಗಳನ್ನು ಪೆಟ್ರೋಲ್ ಅಥವಾ ಡೀಸೆಲ್ಲಿಗೆ ಬದಲಿಸಲು ತಲಾ 50 ಸಾವಿರ ರೂಪಾಯಿ ಸಹಾಯಧನ ಘೋಷಿಸಿತು. ದೊಡ್ಡ ಬೋಟುಗಳ ಕರರಹಿತ ಡೀಸೆಲ್ ಮಿತಿಯನ್ನು ಅದೇ ಬಜೆಟ್ 1.5 ಲಕ್ಷ ಕಿಲೋಲೀಟರಿನಿಂದ 2 ಲಕ್ಷ ಕಿಲೋಲೀಟರಿಗೆ ಏರಿಸಿತು.

ಸಹಾಯಧನ ಸಿಕ್ಕ ಮೇಲಿನ ಲೆಕ್ಕ

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚವೆಂದು ಹಿಡಿದಿದ್ದು ಸಾಂಪ್ರದಾಯಿಕ ಮೀನುಗಾರರ ದೋಣಿ ಮತ್ತು ಬಲೆಗೆ 5 ಲಕ್ಷ, ಆಳಸಮುದ್ರ ಬೋಟಿಗೆ 1.2 ಕೋಟಿ ರೂಪಾಯಿ. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 40. ಮಹಿಳೆಯರಿಗೆ, ಪರಿಶಿಷ್ಟರಿಗೆ ಶೇ 60. ಈ ಎರಡು ಘಟಕ ವೆಚ್ಚಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ.

1.2 ಕೋಟಿಯ ಬೋಟಿಗೆ ಶೇ 40 ಅಂದರೆ 48 ಲಕ್ಷ ಸರ್ಕಾರದ್ದು. ಉಳಿದ 72 ಲಕ್ಷವನ್ನು ಶೇ 9ರ ಬಡ್ಡಿಗೆ ಏಳು ವರ್ಷಕ್ಕೆ ಸಾಲ ತಂದರೆ ತಿಂಗಳ ಕಂತು ಸುಮಾರು 1.16 ಲಕ್ಷ. ಕಂತು ಹನ್ನೆರಡು ತಿಂಗಳದು, ಕಡಲಿಗೆ ಹೋಗುವುದು ಹತ್ತೇ ತಿಂಗಳು. ತಿಂಗಳಿಗೆ ಎರಡು ಟ್ರಿಪ್ ಎಂದರೆ ವರ್ಷಕ್ಕೆ ಇಪ್ಪತ್ತು. ಅಲ್ಲಿಗೆ ಪ್ರತಿ ಟ್ರಿಪ್ಪಿನ ತಲೆಯ ಮೇಲೆ ಕಂತೇ ಸುಮಾರು 70 ಸಾವಿರ. ಒಂದು ಟ್ರಿಪ್ಪಿಗೆ 5,000 ಲೀಟರ್ ಡೀಸೆಲ್, ಲೀಟರಿಗೆ 85 ರೂಪಾಯಿ ಎಂದಿಟ್ಟುಕೊಂಡರೆ ಇನ್ನೊಂದು 4.25 ಲಕ್ಷ. ಮೇಲೆ ಮಂಜುಗಡ್ಡೆ, ರೇಷನ್, ಕೆಲಸದವರ ಸಂಬಳ ಮತ್ತು ಪಾಲು, ಬಲೆಯ ರಿಪೇರಿ. ಮೀನು ಸಿಗಲಿ ಬಿಡಲಿ, ಐದು ಲಕ್ಷ ಖರ್ಚಾದ ಮೇಲೆ ಮಿಕ್ಕ ಮಾತು. ಇಂಥ ಎರಡು ಟ್ರಿಪ್ ಬರಿಗೈಯಲ್ಲಿ ಬಂದರೆ, 5 ಲಕ್ಷದ ನಾಡದೋಣಿಯೊಂದನ್ನು ಬಲೆ ಸಮೇತ ಎರಡು ಸಲ ಕೊಳ್ಳುವಷ್ಟು ದುಡ್ಡು ಕಡಲುಪಾಲು.

ಬರಿಗೈಯ ಮಾತು ಹೆದರಿಸಲು ಹೇಳಿದ್ದಲ್ಲ. ಪಕ್ಕದ ಕೇರಳದಲ್ಲಿ ಬೂತಾಯಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಒಂದೇ ಜಾತಿಯ ಮೀನಿಗೆ, ಒಂದೇ ಬಗೆಯ ಬಲೆಗೆ ಒಗ್ಗುವ ಬೋಟು ಕೊಂಡವರ ಗತಿ ಇಂಥ ವರ್ಷಗಳಲ್ಲಿ ಏನಾದೀತೆಂದು ಊಹಿಸಬಹುದು. ನಾಲ್ಕು ಬಗೆಯ ಬಲೆ ಬಿಡಲು ಬರುವ, ಮೀನು ಬದಲಾದರೆ ತಾನೂ ಬದಲಾಗಬಲ್ಲ ಮಧ್ಯಮ ದೋಣಿಯೇ ಆಗ ಕೈ ಹಿಡಿಯುತ್ತದೆ.

ಹೆಚ್ಚಿನ ಸಹಾಯಧನವಿದ್ದರೂ ಹೊಂದದ ಬೋಟು ಹೊಂದದೆಂಬುದಕ್ಕೆ ಪಾಕ್ ಕೊಲ್ಲಿ ಸಾಕ್ಷಿ. ಶ್ರೀಲಂಕಾ ಗಡಿಯ ತಂಟೆ ತಪ್ಪಿಸಲು ತಮಿಳುನಾಡಿನ ಟ್ರಾಲರುಗಳನ್ನು ಕೈಬಿಡಿಸಿ ಆಳಸಮುದ್ರದ ಟ್ಯೂನಾ ಬೋಟು ಕೊಡುವ ಯೋಜನೆ 2017ರಲ್ಲಿ ರಾಮೇಶ್ವರದಲ್ಲಿ ಆರಂಭವಾಯಿತು. ಬೋಟೊಂದಕ್ಕೆ 80 ಲಕ್ಷ. ಅದರಲ್ಲಿ ಶೇ 70 ಸರ್ಕಾರಗಳದ್ದೇ, ಗುರಿ 2,000 ಬೋಟು. ಆದರೆ ಒಂದೆರಡು ದಿನದಲ್ಲಿ ಮನೆಗೆ ಮರಳುತ್ತಿದ್ದವರಿಗೆ ವಾರಗಟ್ಟಲೆ ದೂರದ ಕಡಲಲ್ಲಿ ಟ್ಯೂನಾ ಹಿಡಿಯುವುದು ಹೊಸ ಕಸುಬೇ ಆಗಿತ್ತು. ಯೋಜನೆ ಗುರಿಯ ಹತ್ತಿರಕ್ಕೂ ಸುಳಿಯಲಿಲ್ಲ.

ಹಳೆಯದು ಕೊಳ್ಳುವವರಿಗೆ

ಮೊದಲ ದೋಣಿ ಹಳೆಯದಾಗಿರುವುದು ತಪ್ಪಲ್ಲ. ನೋಡಲು ಸರಿಯಾದ ಕಾಲ ಜೂನ್–ಜುಲೈ. ಬೋಟುಗಳು ದಡಕ್ಕೇರಿ ನಿಂತಾಗ ತಳ ಬಟಾಬಯಲು. ಮರದ್ದಾದರೆ ಹಲಗೆಗಳ ಸಂದು, ಮೊಳೆಯ ಸುತ್ತಲಿನ ಕಪ್ಪು, ಕೀಲಿನ ತುದಿ ನೋಡಬೇಕು. ಚಾಕುವಿನ ತುದಿ ಸಲೀಸಾಗಿ ಇಳಿದರೆ ಮರ ಕೊಳೆತಿದೆಯೆಂದೇ ಅರ್ಥ. ಫೈಬರ್ ದೋಣಿಗೆ ಬೆರಳ ಗೆಣ್ಣೇ ಸಲಕರಣೆ. ಅಂಚಿನಿಂದ ತಳದವರೆಗೆ ಗೇಣಿಗೊಮ್ಮೆ ಬಡಿಯುತ್ತ ಹೋಗಬೇಕು. ಗಟ್ಟಿ ಜಾಗದಲ್ಲಿ ಟಣ್ಣೆನ್ನುತ್ತದೆ, ಪದರ ಬಿಟ್ಟ ಕಡೆ ಬೊದ್ದು ಸದ್ದು. ಹೊಸ ಬಣ್ಣ ಬಳಿದ ಜಾಗದಲ್ಲಿ ಇನ್ನೆರಡು ಸಲ ಬಡಿಯುವುದು ಒಳ್ಳೆಯದು. ಎಂಜಿನ್ ಕಟ್ಟುವ ಹಿಂಬದಿಯ ಹಲಗೆಯೊಳಗೆ ನೀರು ಇಳಿದಿದ್ದರೆ ಆ ದೋಣಿಯ ಆಸೆ ಬಿಡಬೇಕು. ಉಕ್ಕಿನ ಬೋಟಿನಲ್ಲಿ ತುಕ್ಕಿನ ಬಣ್ಣಕ್ಕಿಂತ ತಗಡಿನ ದಪ್ಪ ಮುಖ್ಯ, ಅದನ್ನು ಅಳೆಸಲೇಬೇಕು.

ದಡದಲ್ಲಿ ನಿಂತ ಬೋಟಿನ ಎಂಜಿನ್ನಿನ ನಿಜಗುಣ ತಿಳಿಯದು. ಜುಲೈಯಲ್ಲಿ ಮುಂಗಡ, ಆಗಸ್ಟಿನಲ್ಲಿ ಕಡಲಿಗಿಳಿಸಿ ಓಡಿಸಿ ನೋಡಿದ ಮೇಲೆ ಬಾಕಿ ಎಂದು ಬರೆಸಿಕೊಳ್ಳುವುದು ಜಾಣತನ. ಮಾರುವವನು ಇದಕ್ಕೆ ಒಪ್ಪದಿದ್ದರೆ ಆ ಒಪ್ಪದಿರುವುದೇ ಉತ್ತರ.

ಕಾಗದಪತ್ರ ಬೋಟಿನಷ್ಟೇ ತೂಕದ್ದು. 2008ರ ಮುಂಬೈ ದಾಳಿಕೋರರು ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಅಪಹರಿಸಿ ಬಂದ ಮೇಲೆ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರ ಬಯೋಮೆಟ್ರಿಕ್ ಕಾರ್ಡ್ ಎಲ್ಲ ಬಿಗಿಯಾದವು. ನೋಂದಣಿ ಪತ್ರ, ಮೀನುಗಾರಿಕೆ ಪರವಾನಗಿ, ವಿಮೆ ಇವೆಯೇ, ಬ್ಯಾಂಕಿನ ಅಡಮಾನ ತೀರಿದೆಯೇ, ಡೀಸೆಲ್ ಸೌಲಭ್ಯ ನಿಮ್ಮ ಹೆಸರಿಗೆ ವರ್ಗವಾಗುತ್ತದೆಯೇ ಎಂದು ಬಂದರಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿದ ಮೇಲೆಯೇ ದುಡ್ಡು ಎಣಿಸಬೇಕು. ಬೋಟಿನ ಮೇಲೆ ಸಾಲುಸಾಲು ಪ್ರಖರ ದೀಪ ಕಟ್ಟಿ ‘ಮೀನು ಹೆಚ್ಚು ಬೀಳುತ್ತದೆ’ ಎಂದು ದರ ಏರಿಸುವವರಿದ್ದರೆ ನೆನಪಿಡಬೇಕು: ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಜೋಡಿ ಬೋಟುಗಳಿಂದ ಬುಲ್ ಟ್ರಾಲ್ ಎಳೆಯುವುದನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಸುರಕ್ಷತೆಗೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಎರಡೇ ದಿನದಲ್ಲಿ ಸಂಪರ್ಕ ಕಳೆದುಕೊಂಡಿತು. ಮಾಲ್ವಣದ ಕಡಲಿನ ತಳದಲ್ಲಿ ನೌಕಾಪಡೆ ಅದರ ಅವಶೇಷ ಪತ್ತೆಹಚ್ಚಿದ್ದು 2019ರ ಮೇ ತಿಂಗಳಲ್ಲಿ. ಕಡಲಿನ ಬೋಟುಗಳಿಗೆ ಒಂದು ಲಕ್ಷ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಕಾರ್ಯಕ್ರಮಕ್ಕೆ 2024ರ ಆಗಸ್ಟಿನಲ್ಲಿ ಪಾಲ್ಘರಿನಲ್ಲಿ ಚಾಲನೆ ಸಿಕ್ಕಿತು. ಟ್ರಾನ್ಸ್‌ಪಾಂಡರ್, ವಿಎಚ್‌ಎಫ್ ರೇಡಿಯೋ, ತಲೆಗೊಂದು ಲೈಫ್ ಜಾಕೆಟ್, ಇವಿಷ್ಟಕ್ಕೂ ಹಣ ಸಾಲುತ್ತಿಲ್ಲವೆಂದರೆ ನೀವು ನೋಡುತ್ತಿರುವುದು ನಿಮ್ಮ ಬಜೆಟ್ಟಿನ ಬೋಟಲ್ಲ.

ಒಂಟಿ ಸಾಹಸವೇ ಆಗಬೇಕೆಂದೇನೂ ಇಲ್ಲ. ಕರಾವಳಿಯ ದೊಡ್ಡ ನಾಡದೋಣಿಗಳ ಹಿಂದೆ ಹತ್ತಿಪ್ಪತ್ತು ಮನೆಗಳ ಪಾಲಿರುವುದು ಇಂದಿಗೂ ಇದೆ. ನಷ್ಟ ಹಂಚಿದರೆ ಹಗುರ, ಲಾಭಕ್ಕೆ ಎಲ್ಲರ ಕೈಯೂ ಇರುತ್ತದೆ. ಮಲ್ಕಾಜ್‌ಗಿರಿಯ ಸಂಘದ ಸದಸ್ಯನಿಗೂ ಗಂಗೊಳ್ಳಿಯ ಹುಡುಗನಿಗೂ ಹೇಳುವ ಮಾತು ಒಂದೇ. ಒಂದು ಹಾಳೆಯ ಎಡಕ್ಕೆ ನಿಮ್ಮ ನೀರು, ಮೀನು, ಬಲೆ, ದಡ, ಮಾರುಕಟ್ಟೆ ಬರೆಯಿರಿ. ಬಲಕ್ಕೆ, ಎರಡು ತಿಂಗಳು ಮೀನೇ ಸಿಗದಿದ್ದರೆ ಮನೆ, ಕಂತು, ಕೆಲಸದವರ ಸಂಬಳ ಹೇಗೆ ನಡೆಯುತ್ತದೆಂದು ಬರೆಯಿರಿ. ಬಲಭಾಗ ತುಂಬದಿದ್ದರೆ ಇನ್ನೊಂದು ಅಳತೆ ಚಿಕ್ಕ ದೋಣಿ ನೋಡಿ, ಇಲ್ಲವೇ ಪಾಲುದಾರರನ್ನು ಹುಡುಕಿ.